ಹಡಗು ಹೊರಟೇ ಇರಲಿಲ್ಲ

ಪ್ರೀತಿಯ ತಮ್ಮಾ,

ನಿನ್ನ ಆರು ಕಂತಿನ ಸ್ಕ್ರಿಪ್ಟ್ ಓದಿದೆ. ಮೊದಲೆರಡು ಕಂತು ಓದುವಾಗ ಕಾಫಿ ಆರಿಹೋಗಿದ್ದೂ ಗೊತ್ತಾಗಲಿಲ್ಲ. ಮೂರನೆಯದರ ಕೊನೆಯ ತಿರುವಿಗೆ ಬೆಚ್ಚಿಬಿದ್ದೆ. ನಾಲ್ಕನೆಯದಕ್ಕೆ ಬಂದಾಗ ಸುಮ್ನೆ ಪುಟ ಮಗುಚುತ್ತಿದ್ದೆ. ಆಗ 'ಅಸೆನ್ಶನ್' ಅನ್ನುವ ಟಿವಿ ಕಿರುಸರಣಿ ನೆನಪಾಯಿತು.

2014ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈಫೈ ಚಾನೆಲ್ ಅದನ್ನು ಸತತ ಮೂರು ರಾತ್ರಿ ತೋರಿಸಿತು. ಕಥೆಯಲ್ಲಿ, 1963ರಲ್ಲಿ ಆರುನೂರು ಜನರನ್ನು ಹೊತ್ತು ಒಂದು ಬಾಹ್ಯಾಕಾಶ ಹಡಗು ಗುಟ್ಟಾಗಿ ಪ್ರಾಕ್ಸಿಮಾ ಸೆಂಟಾರಿ ಅನ್ನುವ ನಕ್ಷತ್ರದ ಕಡೆಗೆ ಹೊರಟಿದೆ. ನೂರು ವರ್ಷದ ದಾರಿ. ಹಿಂದೆ ಅಣುಬಾಂಬ್ ಸಿಡಿಸುತ್ತಾ ಮುಂದೆ ನುಗ್ಗುವ ಹಡಗು. ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. ಭೌತವಿಜ್ಞಾನಿ ಫ್ರೀಮನ್ ಡೈಸನ್ ಮತ್ತಿತರರು 1958ರಿಂದ ಅಮೆರಿಕದ ಓರಿಯನ್ ಯೋಜನೆಯಲ್ಲಿ ಇಂಥದ್ದೇ ಹಡಗಿನ ಲೆಕ್ಕ ಹಾಕುತ್ತಿದ್ದರು. ಬಾಹ್ಯಾಕಾಶದಲ್ಲೂ ಅಣುಸ್ಫೋಟ ಬೇಡ ಅನ್ನುವ ಒಪ್ಪಂದ ಆದದ್ದು 1963ರಲ್ಲೇ. ಆ ಇಸವಿಯನ್ನು ಆರಿಸಿದ ಕೈಗೆ ನಾನು ಈಗಲೂ ನಮಸ್ಕಾರ ಹೇಳುತ್ತೇನೆ.

ಕಥೆ ಶುರುವಾಗುವುದು 51 ವರ್ಷದ ನಂತರ, ಒಂದು ಕೊಲೆಯಿಂದ. ಆದರೆ ನನ್ನನ್ನು ಹಿಡಿದದ್ದು ಕೊಲೆಯಲ್ಲ. ನಡುದಾರಿಯಲ್ಲಿ ಹುಟ್ಟಿದ ಮಕ್ಕಳು. ಅವರು ಭೂಮಿಯನ್ನು ನೋಡಿಲ್ಲ, ಊರು ಮುಟ್ಟುವಾಗ ಬಹಳಷ್ಟು ಜನ ಇರುವುದಿಲ್ಲ. 'ಹೊರಡೋಣ' ಅಂದದ್ದು ತಾತ, ದಾರಿ ಸವೆಸಬೇಕಾದವನು ಮೊಮ್ಮಗ. ಹುಡುಗಿಯರಿಗೆ ಇನ್ನೂ ಅರವತ್ತರ ದಶಕದ ಕಟ್ಟಳೆ. ಕೆಳಗಿನ ಡೆಕ್ಕಿನವರಿಗೆ ಮೇಲಿನವರ ಮೇಲೆ ಹೊಟ್ಟೆಯುರಿ. ಇಷ್ಟರಲ್ಲೇ ಹತ್ತು ರಾತ್ರಿಯ ಕಥೆ ಇತ್ತು ಅಲ್ವಾ?

(ನೀನು ನೋಡಿಲ್ಲದಿದ್ದರೆ ಕ್ಷಮಿಸು, ಗುಟ್ಟು ಬಿಡುತ್ತಿದ್ದೇನೆ.) ಮೊದಲ ರಾತ್ರಿಯ ಕೊನೆಗೆ ಸ್ಟೋಕ್ಸ್ ಅನ್ನುವವನು ಹಡಗಿನಿಂದ ಹೊರಗೆ ಬೀಳುತ್ತಾನೆ. ಸತ್ತೇ ಹೋದ ಅಂದುಕೊಳ್ಳುತ್ತೇವೆ. ಅವನು ಬಿದ್ದಿರುವುದು ಭೂಮಿಯ ಮೇಲೆ! ಹಡಗು ಹೊರಟೇ ಇರಲಿಲ್ಲ. ಎಲ್ಲಾ ಒಂದು ಪ್ರಯೋಗ.

ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಇಷ್ಟು ದೊಡ್ಡ ಸುಳ್ಳು ಒಳಗಿನವರಿಗೆ ಗೊತ್ತಾದರೆ ಏನಾಗುತ್ತದೆ? ಬದುಕೆಲ್ಲಾ ಗೋಡೆಯೊಳಗೆ ಕಳೆದ ಸ್ಟೋಕ್ಸ್‌ಗೆ ಆಕಾಶ ಹೇಗೆ ಕಾಣುತ್ತದೆ? ಅಲ್ಲಿ ಒಂದು ಗಂಟೆ ಕೂರಬಹುದಿತ್ತು. ಅವರು ಕೂರಲಿಲ್ಲ. ಹೊರಗಿನವರ ಪಿತೂರಿಗಳು ಬಂದವು. ಅತೀಂದ್ರಿಯ ಶಕ್ತಿಯ ಪುಟ್ಟ ಹುಡುಗಿ ಜಾಸ್ತಿ ಜಾಸ್ತಿ ಬಂದಳು. ಕೊನೆಗೆ ಅವಳು ಒಬ್ಬನನ್ನು ಇನ್ಯಾವುದೋ ಗ್ರಹಕ್ಕೇ ಸಾಗಿಸಿಬಿಟ್ಟಳು. ಮುಂದೆ ಧಾರಾವಾಹಿ ಆದೀತು ಅಂತ ಬಾಗಿಲು ತೆರೆದಿಟ್ಟಂತೆ ಕಥೆ ನಿಂತಿತು. ಚಾನೆಲ್ ಮುಂದುವರಿಸಲಿಲ್ಲ.

ನಾನೂ ಈ ಕೆಲಸ ಮಾಡಿದವನೇ. ಒಮ್ಮೆ ವಾರಪತ್ರಿಕೆಗೆ ಧಾರಾವಾಹಿ ಬರೆಯುವಾಗ ಒಂಬತ್ತನೇ ವಾರ ಕಥೆ ಸಿಕ್ಕಿಹಾಕಿಕೊಂಡಿತು. ನಾಯಕನಿಗೊಬ್ಬ ಅವಳಿ ತಮ್ಮನನ್ನು ತಂದುಬಿಟ್ಟೆ. ಓದುಗರೊಬ್ಬರು ಕಾರ್ಡ್ ಹಾಕಿದರು: 'ಮುಂದಿನ ವಾರ ದೆವ್ವ ಬರುತ್ತಾ ಸಾರ್?' ಆ ಕಾರ್ಡ್ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.

ನಿನ್ನ ಮೂರನೇ ಕಂತಿನ ತಿರುವು ಇರಲಿ, ಚೆನ್ನಾಗಿದೆ. ಆದರೆ ಎರಡನೇ ಕಂತಿನಲ್ಲಿ ಆ ಅಜ್ಜಿ ದಿನಾ ಸಂಜೆ ಕಿಟಕಿಯ ಪರದೆ ಸರಿಸಿ 'ಮಳೆ ಬಂತಾ' ಅಂತ ಕೇಳುತ್ತಾಳಲ್ಲ, ಮೂರನೆಯದರಲ್ಲಿ ಆ ಕಿಟಕಿಯೇ ಸುಳ್ಳು ಅಂತ ಗೊತ್ತಾದ ಮೇಲೆ ಅವಳು ಎಲ್ಲಿ ಹೋದಳು? ಮೂರು ಕಂತು ಹುಡುಕಿದೆ, ಸಿಗಲಿಲ್ಲ. ನಾಲ್ಕನೆಯದನ್ನು ಅವಳ ಕೋಣೆಯಿಂದ ಶುರುಮಾಡಿ ಬರೆದು ನೋಡು. ನೀನು ಅಲ್ಲಿಗೆ ತಂದ ರೋಬೋಟ್‌ಗಳು ಸ್ವಲ್ಪ ಕಾಯಲಿ. ಆ ಒಂದು ದೃಶ್ಯ ಆದ ಕೂಡಲೇ ಕಳಿಸು, ಪೂರ್ತಿ ಕಂತಿಗೆ ಕಾಯಬೇಡ.

ನಿನ್ನ,
ಅಣ್ಣ