ಒಂದೇ ಹೊಳೆ ಹಿಡಿದು ಹೋದ ಕತೆ: ಗೆಳೆಯನಿಗೊಂದು ಪತ್ರ

ಮಾರಾಯ,

ನಮ್ಮ ಯುರೋಪ್ ಪ್ರವಾಸದ ಬಗ್ಗೆ ನಿನ್ನ ವಾಟ್ಸಾಪ್ ಪ್ರಶ್ನೆಗಳಿಗೆಲ್ಲ ಅಲ್ಲೇ ಟೈಪ್ ಮಾಡ್ತಾ ಕೂತ್ರೆ ಬೆರಳು ಬಿದ್ದು ಹೋಗುತ್ತೆ, ಅದಕ್ಕೆ ಇಲ್ಲಿ ಉದ್ದಕ್ಕೆ ಬರೆದು ಹಾಕ್ತಿದೀನಿ, ಬೇರೆಯವರು ಓದಿದ್ರೆ ಓದ್ಲಿ ಬಿಡು. ಎಷ್ಟು ದೇಶ ಆಯ್ತು ಅಂತ ಕೇಳಿದ್ಯಲ್ಲ, ಮೂರು. ಅಷ್ಟೇನಾ ಅಂತ ನೀನು ನಗ್ತೀಯ ಅಂತ ಗೊತ್ತು, ನೀನು ಕಳಿಸಿದ ಟೂರ್ ಪ್ಯಾಕೇಜಿನ ಪಿಡಿಎಫ್‌ನಲ್ಲಿ ಹನ್ನೆರಡು ದಿನಕ್ಕೆ ಹತ್ತು ದೇಶ ಇದೆ, ಬೆಳಗ್ಗೆ ಐಫೆಲ್ ಟವರ್ ರಾತ್ರಿ ಬ್ರಸೆಲ್ಸ್. ಅದ್ರಲ್ಲಿ ಹೋದವರನ್ನ ಕೇಳಿ ನೋಡು, ಬಸ್ಸಿನ ಸೀಟಿನ ಬಣ್ಣ ಹೇಳ್ತಾರೆ.

ನಾವು ಮಾಡಿದ್ದು ಇಷ್ಟು. ಮಗಳ ಮನೆ ಜರ್ಮನಿಯ ಬಾನ್‌ನಲ್ಲಿ ಇರೋದಲ್ವಾ, ಅಲ್ಲಿಂದ ಹತ್ರದಲ್ಲೇ ಕೊಬ್ಲೆನ್ಸ್ ಅಂತ ಊರು, ಅಲ್ಲಿ ಮೊಸೆಲ್ ಅನ್ನೋ ಹೊಳೆ ಬಂದು ರೈನ್ ನದಿಗೆ ಸೇರುತ್ತೆ. ಆ ಸಂಗಮದಿಂದ ಶುರು ಮಾಡಿ ಹೊಳೆ ಎಲ್ಲಿ ಹುಟ್ಟುತ್ತೋ ಅಲ್ಲೀವರೆಗೆ ಉಲ್ಟಾ ಹೋಗೋದು. ಜರ್ಮನಿ, ಲಕ್ಸೆಂಬರ್ಗ್, ಆಮೇಲೆ ಫ್ರಾನ್ಸಿನ ವೋಜ್ ಬೆಟ್ಟಗಳು. ಒಟ್ಟು 544 ಕಿಲೋಮೀಟರ್ ಹೊಳೆ, ಹೈವೇ ಹಿಡಿದ್ರೆ ಒಂದೇ ದಿನದ ದಾರಿ, ನಾವು ಹೆಚ್ಚುಕಮ್ಮಿ ಸೆಪ್ಟೆಂಬರ್ ಪೂರ್ತಿ ತಗೊಂಡ್ವಿ. ಒಂದು ಊರಿಂದ ಮುಂದಿನ ಊರಿಗೆ ಹದಿನೈದು ಕಿಲೋಮೀಟರ್ ಹೋಗಿ ಇಲ್ಲೇ ಚೆನ್ನಾಗಿದೆ ಅಂತ ನಿಲ್ಲಿಸಿದ ದಿನಗಳೂ ಇವೆ.

ಗಾಡಿ ವಿಷಯ. ಎಲ್ರೂ ಕ್ಯಾರವಾನ್ ಅಂತಾರೆ, ಆದ್ರೆ ಕ್ಯಾರವಾನ್ ಅಂದ್ರೆ ಕಾರಿನ ಹಿಂದೆ ಕಟ್ಟಿ ಎಳೆಯೋದು, ನಾವು ತಗೊಂಡಿದ್ದು ಎಂಜಿನ್ ಅದ್ರಲ್ಲೇ ಇರೋ ಕ್ಯಾಂಪರ್ ವ್ಯಾನ್. ಅಲ್ಲಿ ಇಂಥ ಗಾಡಿ ಬಹುಪಾಲು ಫಿಯೆಟ್ ಡುಕಾಟೊ ಮೇಲೆ ಕಟ್ಟಿರೋದು, ಹೊರಗಿಂದ ಆರು ಮೀಟರಿನ ಡೆಲಿವರಿ ವ್ಯಾನ್ ಥರಾನೇ ಕಾಣುತ್ತೆ. ಒಳಗೆ ಹಿಂಭಾಗದಲ್ಲಿ ಮಂಚ, ಎರಡು ಬರ್ನರ್ ಸ್ಟವ್ವು, ಫ್ರಿಜ್ಜು, ಇಬ್ರು ಒಟ್ಟಿಗೆ ನಿಲ್ಲೋಕಾಗದ ಬಾತ್‌ರೂಮು. ನಮ್ಮ ಲೈಸೆನ್ಸ್ ಮತ್ತೆ ಆರ್‌ಟಿಓದಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಪರ್ಮಿಟ್ ಎರಡೂ ಇದ್ರೆ ಸಾಕು, ಆದ್ರೆ ಗಾಡಿ ತೂಕ ಮೂರೂವರೆ ಟನ್ ದಾಟಬಾರ್ದು, ದಾಟಿದ್ರೆ ಲಾರಿ ಲೈಸೆನ್ಸ್ ಬೇಕು. ಈ ತೂಕದಲ್ಲಿ ನೀರು, ಬಟ್ಟೆ, ಅಕ್ಕಿ, ನಾವಿಬ್ರು ಎಲ್ಲ ಸೇರುತ್ತೆ, ನೂರು ಲೀಟರ್ ಟ್ಯಾಂಕ್ ತುಂಬಿದ್ರೆ ಅಲ್ಲಿಗೇ ನೂರು ಕೆಜಿ, ಹಂಗಾಗಿ ನೀರು ಅರ್ಧವೇ ತುಂಬಿಸ್ಕೊಂಡು ಓಡಾಡಿದ್ವಿ. ರಸ್ತೆ ಬಲಗಡೆ, ಗೇರು ಬಲಗೈಲಿ, ಮೊದಲ ಎರಡು ದಿನ ಇವಳು, ಅಂದ್ರೆ ನನ್ನ ಹೆಂಡ್ತಿ, ಪಕ್ಕದಲ್ಲಿ ಕೂತು ಪ್ರತಿ ಸರ್ಕಲ್‌ಗೂ "ಬಲ ಬಲ ಬಲ" ಅಂತ ಜಪ ಮಾಡ್ತಿದ್ಲು. ಭಾನುವಾರ ಓಡಿಸೋದು ಸುಖ, ಜರ್ಮನೀಲಿ ಭಾನುವಾರ ರಾತ್ರಿ ಹತ್ತರವರೆಗೆ ದೊಡ್ಡ ಲಾರಿ ಓಡೋ ಹಾಗಿಲ್ಲ. ಆದ್ರೆ ಅದೇ ಭಾನುವಾರ ಅಂಗಡಿಗಳೂ ಮುಚ್ಚಿರ್ತವೆ, ಹಾಲು ಮೊಸರು ಶನಿವಾರವೇ ತಗೊಂಡು ಇಟ್ಕೋಬೇಕು.

ಟಾಯ್ಲೆಟ್ ಬಗ್ಗೆ ನೀನು ಸಂಕೋಚ ಪಟ್ಕೊಂಡು ಕೇಳಿದೀಯ, ಕೇಳಬೇಕಾದ್ದೇ ಅದು. ಕಮೋಡಿನ ಕೆಳಗೆ ಸೂಟ್‌ಕೇಸಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಕ್ಯಾಸೆಟ್ ಅಂತಾರೆ, ಗಾಡಿ ಹೊರಗಿನ ಬಾಗಿಲು ತೆಗೆದು ಎಳ್ಕೋಬೇಕು, ಚಕ್ರ ಇರುತ್ತೆ. ಕೆಂಪು ಲೈಟ್ ಬಂತು ಅಂದ್ರೆ ತುಂಬಿದೆ ಅಂತ. ಅದನ್ನ ಎಳ್ಕೊಂಡು ಹೋಗಿ ಅದಕ್ಕೇ ಅಂತ ಇರೋ ಗುಂಡೀಲಿ ಸುರಿದು, ತೊಳೆದು, ನೀಲಿ ಔಷಧ ಹಾಕಿ ವಾಪಸ್ ತರೋದು. ಇದು ನನ್ನ ಡ್ಯೂಟಿ ಅಂತ ಮೊದಲೇ ತೀರ್ಮಾನ ಆಗಿತ್ತು, ಯಾರು ತೀರ್ಮಾನ ಮಾಡಿದ್ದು ಅಂತ ಕೇಳ್ಬೇಡ. ಬೆಳಗ್ಗೆ ಎಂಟಕ್ಕೆ ಆ ಗುಂಡಿ ಹತ್ರ ಕ್ಯೂ ನೋಡ್ಬೇಕು ನೀನು, ಡಚ್ಚರು, ಜರ್ಮನರು, ಬೆಲ್ಜಿಯಮ್ಮಿನವರು, ಎಲ್ಲ ನಮ್ಮ ವಯಸ್ಸಿನ ಗಂಡಸರೇ, ಚಡ್ಡಿ ಹಾಕ್ಕೊಂಡು ತಮ್ಮ ತಮ್ಮ ಡಬ್ಬಿ ಹಿಡ್ಕೊಂಡು ಗಂಭೀರವಾಗಿ "ಮೋರ್ಗನ್" "ಮೋರ್ಗನ್" ಅಂತ ನಮಸ್ಕಾರ ಹೇಳ್ಕೊಳ್ತಾರೆ. ಆ ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಪರಿಚಯ ಆಗಿದ್ದು ಆ ಕ್ಯೂನಲ್ಲೇ, ಮುಂದಿನ ಊರಲ್ಲಿ ಎಲ್ಲಿ ಜಾಗ ಚೆನ್ನಾಗಿದೆ, ಎಲ್ಲಿ ರಾತ್ರಿ ರೈಲು ಸದ್ದು, ಎಲ್ಲಾ ಅಲ್ಲೇ ಗೊತ್ತಾಗೋದು.

ರಾತ್ರಿ ಉಳಿಯೋದಕ್ಕೆ ಎರಡು ಥರ. ದೊಡ್ಡ ಕ್ಯಾಂಪಿಂಗ್ ಅಂದ್ರೆ ಬಿಸಿನೀರ ಸ್ನಾನ, ವಾಷಿಂಗ್ ಮಷೀನು, ಆಫೀಸು ಎಲ್ಲ ಇರುತ್ತೆ, ಮಧ್ಯಾಹ್ನ ಒಂದರಿಂದ ಮೂರು ಅಂದ್ರೆ ಗೇಟು ಮುಚ್ಚಿ ಊರಿಗೆ ಊರೇ ನಿದ್ದೆ. ಇನ್ನೊಂದು ಸ್ಟೆಲ್‌ಪ್ಲಾಟ್ಸ್, ಅದು ಕ್ಯಾಂಪರ್ ಗಾಡಿಗಳಿಗೆ ಅಂತಲೇ ಊರಿನವರು ಮಾಡಿರೋ ಜಾಗ, ಕರೆಂಟಿನ ಕಂಬ, ನಲ್ಲಿ, ಆ ಗುಂಡಿ, ಅಷ್ಟೇ, ರಾತ್ರಿಗೆ ಹತ್ತು ಹದಿನೈದು ಯೂರೋ. ಮೊಸೆಲ್ ದಂಡೆ ಪೂರ್ತಿ ಇಂಥವು, ಎಷ್ಟೋ ಕಡೆ ದ್ರಾಕ್ಷಿ ಬೆಳೆಗಾರರ ಅಂಗಳದಲ್ಲೇ ನಿಲ್ಲಿಸ್ಬಹುದು. ಬಾಗಿಲು ತೆಗೆದ್ರೆ ಎದುರಿಗೆ ಹೊಳೆ, ಅದರ ಮೇಲೆ ನೂರು ಮೀಟರ್ ಉದ್ದದ, ಸರಕು ಸಾಗಿಸೋ ಬಾರ್ಜು ಸದ್ದೇ ಇಲ್ಲದೆ ಹೋಗ್ತಿರುತ್ತೆ. 1964ರ ಹೊತ್ತಿಗೆ ಹೊಳೆಗೆ ಅಲ್ಲಲ್ಲಿ ಲಾಕ್ ಗೇಟ್ ಕಟ್ಟಿ ದೊಡ್ಡ ಹಡಗು ಹೋಗೋ ಹಾಗೆ ಮಾಡಿದಾರೆ, ಕೊಬ್ಲೆನ್ಸಿಂದ ಟ್ರಿಯರ್ ಊರಿಗೆ ಹೋಗೋದ್ರೊಳಗೆ ಇಂಥ ಹತ್ತು ಗೇಟು. ಇವಳಿಗೆ ಅದೇ ಟೀವಿ ಆಗ್ಬಿಡ್ತು, ಚೇರ್ ಹಾಕ್ಕೊಂಡು ಕೂತ್ರೆ ಹಡಗು ಒಳಗೆ ಬರೋದು, ಹಿಂದೆ ಗೇಟು ಮುಚ್ಚೋದು, ನೀರು ಏರೋದು, ಮುಂದಿನ ಗೇಟು ತೆಗೆಯೋದು, ಪೂರ್ತಿ ಮುಗಿಯೋವರೆಗೆ ಏಳ್ತಿರ್ಲಿಲ್ಲ.

ಹಳೇ ಮನೆಗಳ ಗೋಡೆ ಮೇಲೆ ನೆರೆ ಬಂದಾಗ ನೀರು ಎಲ್ಲೀವರೆಗೆ ಬಂದಿತ್ತು ಅಂತ ಗೆರೆ ಕೊರೆದು ಇಸವಿ ಬರೆದಿರ್ತಾರೆ. 1993ರ ಕ್ರಿಸ್‌ಮಸ್ ಹೊತ್ತಿನ ನೆರೆಯ ಗೆರೆ ನನ್ನ ತಲೆ ಮೇಲಿತ್ತು. ಇವಳು ಅದನ್ನ ನೋಡ್ತಾ "ಈ ಸಲ ಕೋರ್ಪಲಯ್ಯನ ಮಂಟಪ ಮುಳುಗಿತ್ತಾ ಕೇಳಿ" ಅಂದ್ಲು, ಅವಳಿಗೆ ನೆರೆ ಅಂದ್ರೆ ಶಿವಮೊಗ್ಗದ ತುಂಗೆಯಲ್ಲಿರೋ ಆ ಮಂಟಪದ್ದೇ ಲೆಕ್ಕ. ಹೇಳು, ಮುಳುಗಿತ್ತಾ?

ಈಗ ನಿನಗೆ ಬೇಕಾದ ವಿಷಯ, ತೋಟ. ಬ್ರೆಮ್ ಅನ್ನೋ ಹಳ್ಳಿ ಹತ್ರ ಕಾಲ್ಮೊಂಟ್ ಅಂತ ಗುಡ್ಡ ಇದೆ, ಯುರೋಪಿನಲ್ಲೇ ಅತಿ ಕಡಿದಾದ ದ್ರಾಕ್ಷಿ ತೋಟ ಅಂತ ಹೆಸರು, ಕೆಲವು ಕಡೆ ಅರವತ್ತು ಡಿಗ್ರಿ ದಾಟುತ್ತಂತೆ. ಕೆಳಗೆ ನಿಂತು ನೋಡಿದ್ರೆ ಕತ್ತು ನೋಯುತ್ತೆ. ಮಣ್ಣೇ ಕಮ್ಮಿ, ಪೂರ್ತಿ ಸ್ಲೇಟ್ ಕಲ್ಲಿನ ಚೂರು, ಹಗಲು ಬಿಸಿಲಿಗೆ ಕಾದು ರಾತ್ರಿಯೆಲ್ಲ ಆ ಶಾಖ ಬಳ್ಳಿಗೆ ಕೊಡುತ್ತೆ, ಅದಿಲ್ಲದೆ ಇದ್ರೆ ಅಷ್ಟು ಉತ್ತರದ ಚಳಿ ಊರಲ್ಲಿ ಅಲ್ಲಿನ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗೋದು ಕಷ್ಟ. ನಾವು ಹೋದಾಗ ಕೊಯ್ಲು ಆಗಷ್ಟೇ ಶುರು. ಇಂಥ ಜಾಗಕ್ಕೆ ಟ್ರ್ಯಾಕ್ಟರ್ ಹತ್ತಲ್ಲ, ಅದಕ್ಕೆ ಗುಡ್ಡದ ಮೇಲೆ ಒಂಟಿ ಹಳಿ ಹಾಕಿದಾರೆ, ಒಂದೇ ಒಂದು ಹಳಿ, ಅದಕ್ಕೆ ಕೆಳಗೆ ಹಲ್ಲು. ಪೆಟ್ರೋಲ್ ಎಂಜಿನ್ನಿನ ಸಣ್ಣ ಗಾಡಿ ಆ ಹಲ್ಲಿಗೆ ಕಚ್ಕೊಂಡು ಟಕಟಕ ಅಂತ ನೇರ ಗೋಡೆ ಹತ್ತಿದ ಹಾಗೆ ಹತ್ತುತ್ತೆ, ಹಿಂದೆ ಕ್ರೇಟು, ಮೇಲೆ ಒಬ್ಬ ಮನುಷ್ಯ. ನಿನ್ನ ಅಡಿಕೆ ತೋಟದ ಮೋಟೋಕಾರ್ಟ್ ಗಾಡಿ ನೆನಪಾಯ್ತು, ಅದು ಇಲ್ಲಿ ಒಂದು ನಿಮಿಷ ನಿಲ್ಲಲ್ಲ. ಕೊಯ್ಯೋರು ಯಾರು ಅಂದ್ರೆ ಹೆಚ್ಚಿನವರು ಪೋಲೆಂಡ್, ರೊಮೇನಿಯಾದಿಂದ ಸೀಸನ್ನಿಗೆ ಬಂದವರು, ಊರಿನ ಹುಡುಗ್ರು ಪಟ್ಟಣ ಸೇರಿದಾರೆ. ಮೇಲಿನ ಎಷ್ಟೋ ಪಟ್ಟೆಗಳು ಪಾಳು ಬಿದ್ದು ಮುಳ್ಳು ಬೆಳೆದಿವೆ. ಅಡಿಕೆ ಕೊಯ್ಯೋ ಕೊನೆಗಾರರು ಸಿಗಲ್ಲ, ದೋಟಿ ಹಿಡಿಯೋರಿಲ್ಲ ಅಂತ ನೀನು ಪ್ರತಿ ವರ್ಷ ಗೊಣಗ್ತೀಯಲ್ಲ, ನಾವು ನಿಲ್ಲಿಸಿದ ಅಂಗಳದ ಯಜಮಾನ ಸಂಜೆ ಕೂತು ಹೇಳಿದ್ದೂ ಥೇಟ್ ಅದೇ, ಬೆಳೆ ಮಾತ್ರ ಬೇರೆ.

ಅವನೇ ಒಂದು ಬಾಟಲಿ ಫೆಡರ್‌ವೈಸರ್ ಕೊಟ್ಟ. ಅದು ಇನ್ನೂ ವೈನ್ ಆಗದ ವೈನು, ಹುದುಗ್ತಾ ಇರೋವಾಗ್ಲೇ ಮಾರ್ತಾರೆ, ಕೊಯ್ಲಿನ ಹೊತ್ತಲ್ಲಿ ಮಾತ್ರ ಸಿಗೋದು. ಒಳಗಿಂದ ಗ್ಯಾಸ್ ಬರ್ತಾನೇ ಇರೋದ್ರಿಂದ ಮುಚ್ಚಳ ಗಟ್ಟಿ ಹಾಕೋ ಹಾಗಿಲ್ಲ, ಹಾಕಿದ್ರೆ ಸಿಡಿಯುತ್ತೆ, ಹಂಗಾಗಿ ಬಾಟಲಿ ಮಲಗಿಸೋ ಹಾಗೂ ಇಲ್ಲ. ಓಡೋ ಗಾಡೀಲಿ ಅದನ್ನ ನೆಟ್ಟಗೆ ನಿಲ್ಲಿಸೋದೇ ದೊಡ್ಡ ಕೆಲಸ ಆಗಿ ಕೊನೆಗೆ ಇವಳ ಎರಡು ಕಾಲಿನ ಮಧ್ಯ ಅದಕ್ಕೆ ಸೀಟ್ ಸಿಕ್ತು. ಮಬ್ಬು ಬಿಳಿ ಬಣ್ಣ, ಮೂಗಿನ ಹತ್ರ ತಂದ್ರೆ ಉಬ್ಬಿದ ದೋಸೆ ಹಿಟ್ಟಿನ ವಾಸನೆ, ಬಾಯಿಗೆ ಸಿಹಿ. ಇವಳು ಜ್ಯೂಸು ಅಂತ ಒಂದು ಲೋಟ ಪೂರ್ತಿ ಕುಡಿದು ಅವತ್ತು ಸಂಜೆ ಬಹಳ ಒಳ್ಳೇ ಮೂಡಲ್ಲಿದ್ಲು, ಇದನ್ನ ನಿಮ್ಮನೇಲಿ ಅತ್ತಿಗೆ ಹತ್ರ ಹೇಳ್ಬೇಡ. ಅದರ ಜೊತೆ ಈರುಳ್ಳಿ ಹಾಕಿದ ಒಂದು ಥರ ಕೇಕು ತಿಂತಾರೆ, ಅದ್ರಲ್ಲಿ ಹಂದಿ ಮಾಂಸದ ಚೂರು ಇರುತ್ತೆ, "ಓನೆ ಶ್ಪೆಕ್" ಅಂತ ಕೇಳಿ ತಗೋಬೇಕು ನಮ್ಮಂಥವರು.

ಊಟಕ್ಕೆ ತೊಂದ್ರೆ ಇಲ್ಲ. ಅಕ್ಕಿ, ತೊಗರಿಬೇಳೆ, ಕರಿಬೇವು ಎಲ್ಲ ದೊಡ್ಡ ಊರಿನ ತಮಿಳರ ಅಂಗಡೀಲಿ ಸಿಗುತ್ತೆ, ಸಾರಿನಪುಡಿ ಮನೆಯದು ಇತ್ತು. ಒಗ್ಗರಣೆ ಮಾತ್ರ ಗಾಡಿ ಒಳಗೆ ಬೇಡ, ಒಣಮೆಣಸಿನ ಘಾಟಿಗೆ ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ, ಅಕ್ಕಪಕ್ಕದವರು ಫೈರ್ ಎಕ್ಸ್‌ಟಿಂಗ್ವಿಷರ್ ಹಿಡ್ಕೊಂಡು ಓಡಿ ಬರ್ತಾರೆ.

ಕೊಹೆಮ್ ಊರಿನ ಬಗ್ಗೆ ಬರೆಯಲ್ಲ, ಕೋಟೆ ಚೆಂದ, ಆದ್ರೆ ಜನಜಾತ್ರೆ, ಟೂರ್ ಬಸ್ಸಿನವರದ್ದೇ ರಾಜ್ಯ. ಬರ್ನ್‌ಕಾಸ್ಟೆಲ್-ಕೂಸ್‌ನಲ್ಲಿ ನಾನು ಎರಡು ಸಲ ಹೋಗಿ ನೋಡಿದ್ದು ಒಂದು ವೃದ್ಧಾಶ್ರಮ. ನಗ್ಬೇಡ. 1401ರಲ್ಲಿ ಅದೇ ಊರಲ್ಲಿ ಹುಟ್ಟಿದ ನಿಕೋಲಸ್ ಅಂತ ಒಬ್ಬ ದೋಣಿ ವ್ಯಾಪಾರಿಯ ಮಗ, ಮುಂದೆ ದೊಡ್ಡ ತತ್ವಜ್ಞಾನಿ, ಕಾರ್ಡಿನಲ್ ಆದವನು, ಆಸ್ತಿಯೆಲ್ಲ ಹಾಕಿ ಕಟ್ಟಿಸಿದ್ದು. ಏಸು ಬದುಕಿದ್ದು 33 ವರ್ಷ ಅಂತ 33 ಜನ ಬಡ ಮುದುಕರಿಗೆ ಜಾಗ. ಆರು ಶತಮಾನದ ಹತ್ರ ಬಂದ್ರೂ ಅದು ಇನ್ನೂ ವೃದ್ಧರ ಮನೆಯಾಗೇ ನಡೀತಿದೆ, ಹೇಗೆ ಅಂದ್ರೆ ಅದಕ್ಕೆ ಸ್ವಂತ ದ್ರಾಕ್ಷಿ ತೋಟ ಬರೆದಿಟ್ಟಿದಾನೆ. ಅವನ ಕೈಬರಹದ ಪುಸ್ತಕಗಳ ಲೈಬ್ರರಿ ಮೇಲೆ, ವೈನಿನ ನೆಲಮಾಳಿಗೆ ಕೆಳಗೆ, ಮಧ್ಯ ಮುದುಕರು. ಟ್ರಸ್ಟ್ ಮಾಡೋದಾದ್ರೆ ಹಿಂಗೆ ಮಾಡ್ಬೇಕು, ನಮ್ಮ ಕಡೆ ಮೂರನೇ ತಲೆಮಾರಿಗೇ ಕೋರ್ಟು.

ಟ್ರಿಯರ್ ದಾಟಿದ್ಮೇಲೆ ಹೊಳೆಯ ಒಂದು ದಂಡೆ ಜರ್ಮನಿ, ಇನ್ನೊಂದು ಲಕ್ಸೆಂಬರ್ಗ್, ಮತ್ತೆ ನೀರು ಇದೆಯಲ್ಲ ಅದು ಇಬ್ರದ್ದೂ, ಮಧ್ಯ ಗೆರೆ ಇಲ್ಲ, 1816ರ ಒಪ್ಪಂದದಿಂದ ಜಂಟಿ ಖಾತೆ. ಇದೇ ದಂಡೇಲಿ ಒಂದು ಹಳ್ಳಿ, ಹೆಸರು ಶೆಂಗೆನ್. ಹೌದು ಮಾರಾಯ, ನಾವು ಯುರೋಪಿಗೆ ತಗೊಳ್ಳೋ ವೀಸಾದ ಶೆಂಗೆನ್ನೇ! 1985ರ ಜೂನ್ 14ಕ್ಕೆ ಐದು ದೇಶದವರು ಇಲ್ಲೇ ಹೊಳೆ ಮೇಲೆ ಒಂದು ದೋಣೀಲಿ ಕೂತು ಗಡಿ ಚೆಕಿಂಗ್ ತೆಗೆಯೋಣ ಅಂತ ಸಹಿ ಹಾಕಿದ್ದು, ಎದುರು ದಂಡೆ ಜರ್ಮನಿ, ಪಕ್ಕಕ್ಕೆ ನಡೆದ್ರೆ ಫ್ರಾನ್ಸು. ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟು, 30,000 ಯೂರೋ ಇನ್ಶೂರೆನ್ಸು ಎಲ್ಲ ಕೊಟ್ಟು ಬಂದ ನಮ್ಮಂಥವರಿಗೆ ಆ ಊರಿನ ಬೋರ್ಡು ನೋಡಿದ್ರೆ ಒಂಥರಾ ಮಜಾ, ಪಾಸ್‌ಪೋರ್ಟಿನ ಸ್ಟಿಕ್ಕರ್ ಪಕ್ಕ ಬೋರ್ಡ್ ಬರೋ ಹಾಗೆ ಫೋಟೋ ತೆಗೆಸ್ಕೊಂಡ್ವಿ. ತಮಾಷೆ ಅಂದ್ರೆ 2024ರ ಸೆಪ್ಟೆಂಬರಿಂದ ಜರ್ಮನಿ ಈ ಗಡೀಲೂ ಮತ್ತೆ ಚೆಕಿಂಗ್ ಶುರು ಮಾಡಿದೆ. ಲಕ್ಸೆಂಬರ್ಗಲ್ಲಿ ಡೀಸೆಲ್ ಅಗ್ಗ, ಟ್ಯಾಂಕ್ ತುಂಬಿಸ್ಕೊಂಡೇ ಹೊರಡು.

ಫ್ರಾನ್ಸ್ ಒಳಗೆ ಮೆಟ್ಸ್ ಊರಲ್ಲಿ ನಗರಸಭೆಯ ಕ್ಯಾಂಪಿಂಗು ಹೊಳೆ ದಂಡೇಲೇ ಇದೆ, ಗಾಡಿ ಬಿಟ್ಟು ನಡೆದೇ ಚರ್ಚಿಗೆ ಹೋಗ್ಬಹುದು, ಬಣ್ಣದ ಗಾಜು ಎಷ್ಟಿದೆ ಅಂದ್ರೆ ಗೋಡೆ ಎಲ್ಲಿದೆ ಅಂತ ಹುಡುಕ್ಬೇಕು. ಅಲ್ಲಿಂದ ಮುಂದೆ ಹೊಳೆ ಸಣ್ಣದಾಗ್ತಾ ದ್ರಾಕ್ಷಿ ಹೋಗಿ ದನ, ಫರ್ ಕಾಡು ಬಂತು. ಕೊನೇ ಊರು ಬ್ಯುಸಾಂಗ್. ಹೊಳೆ ಹುಟ್ಟೋ ಜಾಗ ಘಾಟಿ ರಸ್ತೆ ಪಕ್ಕದಲ್ಲೇ, 715 ಮೀಟರ್ ಎತ್ತರದಲ್ಲಿ, ಒಂದು ಕಲ್ಲಿನ ಕಟ್ಟೆಯೊಳಗೆ ಒರತೆ, ಅಷ್ಟೇ.

ಆದ್ರೆ ಆ ಊರಲ್ಲಿ ಇನ್ನೊಂದಿದೆ, ಅದನ್ನ ನೀನು ನೋಡ್ಲೇಬೇಕು. 1895ರಲ್ಲಿ ಮೊರಿಸ್ ಪೊಟೆಶೇರ್ ಅನ್ನೋನು ಆ ಗುಡ್ಡದ ಹಳ್ಳೀಲಿ ಊರ ಜನರನ್ನೇ ನಟರನ್ನಾಗಿ ಮಾಡಿ ಜನರ ರಂಗಭೂಮಿ ಅಂತ ಕಟ್ಟಿದ. ಪೂರ್ತಿ ಮರದ ದೊಡ್ಡ ಕಟ್ಟಡ, ರಂಗದ ಹಿಂದಿನ ಗೋಡೆ ಇದೆಯಲ್ಲ, ಅದು ಬಾಗಿಲು, ನಾಟಕದ ನಡುವೆ ಅದನ್ನ ತೆಗೆದ್ರೆ ಹಿಂದೆ ನಿಜವಾದ ಕಾಡೇ ಸೀನಾಗುತ್ತೆ. ಈಗ್ಲೂ ಪ್ರತಿ ಬೇಸಿಗೆ ನಾಟಕ ಆಗುತ್ತೆ, ವೃತ್ತಿ ನಟರ ಜೊತೆ ಊರಿನವರೂ ಪಾರ್ಟ್ ಮಾಡ್ತಾರೆ. ನಾವು ಹೋಗೋವಾಗ ಸೀಸನ್ ಮುಗಿದಿತ್ತು, ಸುತ್ತು ಹಾಕಿ ಆ ಹಿಂದಿನ ಬಾಗಿಲನ್ನ ಹೊರಗಿಂದ ನೋಡಿದ್ವಿ. ನೀನೂ ನಾನೂ ಹೆಗ್ಗೋಡಿಗೆ ಬಸ್ಸು ಹತ್ತಿ ಹೋಗ್ತಿದ್ದ ಕಾಲದಲ್ಲಿ ಯಾರಾದ್ರೂ ಇದನ್ನ ಹೇಳಿದ್ರೆ ನೀನಾಸಂ ಬೇರೆ ಎಲ್ಲೂ ಇರೋಕೆ ಸಾಧ್ಯ ಇಲ್ಲ ಅಂತ ಜಗಳ ಮಾಡ್ತಿದ್ವಿ. ಇವಳು ಬಾಗಿಲ ಸಂದೀಲಿ ಇಣುಕೋಕೆ ಟ್ರೈ ಮಾಡಿ ಏನೂ ಕಾಣದೆ ಮರದ ಹಲಗೆ ಮೇಲೆ ಬಡಿದು "ಗಟ್ಟಿ ಇದೆ" ಅಂತ ಸರ್ಟಿಫಿಕೇಟ್ ಕೊಟ್ಲು.

ಖರ್ಚು ಕೇಳಿದ್ಯಲ್ಲ. ಗಾಡಿ ಬಾಡಿಗೆಯೇ ದೊಡ್ಡದು, ಸೀಸನ್ನಲ್ಲಿ ದಿನಕ್ಕೆ ನೂರು ಯೂರೋ ಮೇಲೆ ಆಗುತ್ತೆ, ಹೋಟೆಲು ಊಟ ಉಳಿಯೋದ್ರಿಂದ ಹೊಂದ್ಕೊಳ್ಳುತ್ತೆ, ಅಗ್ಗ ಅಂತ ಮಾತ್ರ ಯಾರೂ ಹೇಳ್ಬಾರ್ದು. ನೀವಿಬ್ರೂ ಬರೋದಾದ್ರೆ ಬೇಸಿಗೇಲೇ ಬನ್ನಿ, ಬ್ಯುಸಾಂಗಲ್ಲಿ ಆ ಬಾಗಿಲು ತೆಗೆಯೋದನ್ನ ಒಟ್ಟಿಗೆ ನೋಡೋಣ, ಭಾಷೆ ಬರದಿದ್ರೂ ಪರ್ವಾಗಿಲ್ಲ. ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕ್ಬಹುದು. ಅದಕ್ಕೆ ಮುಂಚೆ ನಿನ್ನ ಪಾಸ್‌ಪೋರ್ಟ್ ರಿನ್ಯೂ ಮಾಡ್ಸು, ಅವಧಿ ಮುಗಿದು ಬೀರುವಲ್ಲಿ ಬಿದ್ದಿದೆ ಅಂತ ಅತ್ತಿಗೆ ನನ್ನ ಹೆಂಡ್ತಿ ಹತ್ರ ಹೇಳಿದಾರೆ.

ಇಂತಿ,
ನಿನ್ನ ದೋಸ್ತ