ಬರುವ ಭಾನುವಾರದಿಂದ ತೋಟದ ಪಾಳಿ ಬದಲು

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರದಿಂದ ನಮ್ಮ ತೋಟದಲ್ಲಿ ದಿನಕ್ಕೊಬ್ಬರು ನೀರು ಹಾಕುವ ಪಾಳಿ ಇರುವುದಿಲ್ಲ. ಮನೆಗೊಂದು ಪಾತಿ. ಬೀಜ ಹಾಕುವುದರಿಂದ ಕೊಯ್ಲಿನ ತನಕ ಅದು ನಿಮ್ಮದೇ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ ಅನ್ನುವ ಹಾಗಾಗಿತ್ತು, ಅಲ್ವಾ?

ಮಕ್ಕಳಿರುವವರು ಪಾತಿಯನ್ನು ಮಕ್ಕಳ ಕೈಗೇ ಕೊಡಿ. ಅವರು ಮರೆತರೆ ನೀವು ಗುಟ್ಟಾಗಿ ಹೋಗಿ ನೀರು ಹಾಕಬೇಡಿ. ಸೊರಗಿದ ಸಸಿ ಕಲಿಸುವಷ್ಟು ನಮ್ಮ ಬೈಗುಳ ಕಲಿಸುವುದಿಲ್ಲ.

ನೀರು ಬೆಳಿಗ್ಗೆಯೇ ಹಾಕಿ, ಬುಡಕ್ಕೆ. ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಳಗೆ ತೇವ ಇದ್ದರೆ ಅವತ್ತು ಬೇಡ. ಮಧ್ಯಾಹ್ನ ಎಲೆ ಜೋತು ಬಿದ್ದ ತಕ್ಷಣ ಬಿಂದಿಗೆ ಹಿಡಿದು ಓಡುವವರು ನಮ್ಮಲ್ಲಿ ಜಾಸ್ತಿ. ಎಷ್ಟೋ ಸಲ ಬಿಸಿಲಿಳಿದ ಮೇಲೆ ಅದೇ ಎಲೆ ತಾನಾಗಿ ನೆಟ್ಟಗಾಗುತ್ತದೆ. ಸ್ವಲ್ಪ ಕಾಯಿರಿ. ನೀರು ಹೆಚ್ಚಾದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಆಗಲೂ ಗಿಡ ಬಾಯಾರಿದ ಹಾಗೇ ಕಾಣುತ್ತದೆ, ನಾವು ಇನ್ನಷ್ಟು ಸುರಿಯುತ್ತೇವೆ!

ವಾರಕ್ಕೊಮ್ಮೆಯಾದರೂ ಎಲೆ ಮಗುಚಿ ನೋಡಿ. ಗಿಡದ ರಸ ಹೀರುವ ಪುಟ್ಟ ಹುಳು, ಸಸ್ಯಹೇನು, ಹೆಚ್ಚಾಗಿ ಅಡಿಭಾಗದಲ್ಲೇ ಗುಂಪುಕಟ್ಟುವುದು. ಕಂಡರೆ ಈ ಗ್ರೂಪಿನಲ್ಲಿ ಫೋಟೋ ಹಾಕಿ, ಪಕ್ಕದ ಪಾತಿಯವರೂ ಎಚ್ಚರವಾಗುತ್ತಾರೆ. ಗಿಡ ಸತ್ತರೂ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ.

ಊರಿಗೆ ಹೋಗುವವರು ಪಾತಿಯನ್ನು ಯಾರಿಗೆ ಒಪ್ಪಿಸಿದ್ದೀರಿ ಅಂತ ತಿಳಿಸಿ ಹೋಗಿ. ಗುದ್ದಲಿ, ಪೈಪು ತೊಳೆದು ಜಾಗಕ್ಕೆ ಇಡಿ.

ಪಾತಿ ಬೇಕೋ ಬೇಡವೋ ಅಂತ ಶುಕ್ರವಾರ ಸಂಜೆಯೊಳಗೆ ಹೆಸರಿನ ಜೊತೆ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.