ಗೆಳೆಯನಿಗೊಂದು ಪತ್ರ: ಅಣ್ಣನ ನೋಟುಬುಕ್ಕು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ತಿಂಗಳಾಯಿತು. ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಾದ ಪರ್ವತ ಪ್ರಸಂಗದ ಮೇಲೆ ನಮ್ಮ ಬೈಬಲ್ ಅಧ್ಯಯನದ ಗುಂಪಿಗೆ ನಾನು ಮಾಡುತ್ತಿದ್ದ ಪಾಠಗಳು ಎಲ್ಲಿಗೆ ಬಂದವೆಂದು ಕೇಳಿದ್ದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 23 ಮತ್ತು 24ನೇ ವಚನಗಳಿಗೆ ಬಂದು ನಿಂತಿವೆ. ಅಲ್ಲಿಂದ ಮುಂದಕ್ಕೆ ಹೋಗಲು ನನ್ನಿಂದ ಆಗುತ್ತಿಲ್ಲ.

ನಿನಗೆ ಬಾಯಿಪಾಠವಾಗಿರುವ ವಚನಗಳೇ. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನವಾಗಬೇಕು, ಅರ್ಪಿಸುವುದು ಆಮೇಲೆ, ಎನ್ನುತ್ತಾನೆ ಯೇಸು. ಇಷ್ಟು ವರ್ಷ ನಾನು ಇದನ್ನು ‘ನಿನಗೆ ಯಾರ ಮೇಲಾದರೂ ಸಿಟ್ಟಿದ್ದರೆ ಕ್ಷಮಿಸಿಬಿಡು’ ಎಂದೇ ಓದಿಕೊಂಡಿದ್ದೆ. ಆ ಅರ್ಥದ ಮಾತು ಮಾರ್ಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿದೆ; ನಿಂತು ಪ್ರಾರ್ಥಿಸುವಾಗ ಕ್ಷಮಿಸಿರಿ ಎಂಬ ಆ ಮಾತನ್ನು ನಿಂತಲ್ಲಿಯೇ ಪಾಲಿಸಬಹುದು. ಇಲ್ಲಿ ಹಾಗಲ್ಲ. ಇಲ್ಲಿ ಮನಸ್ಸು ನೊಂದಿರುವುದು ಸಹೋದರನದು, ಹೊರಟು ಹೋಗಬೇಕಾದವನು ಕಾಣಿಕೆ ಹಿಡಿದು ನಿಂತವನು.

ಇನ್ನೊಂದು ಸಂಗತಿಯನ್ನೂ ನಾನು ಗಮನಿಸಿರಲಿಲ್ಲ. ಯೇಸು ಈ ಮಾತನ್ನು ಹೇಳಿದ್ದು ಉತ್ತರದ ಗಲಿಲಾಯ ಸೀಮೆಯಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ, ಸುಮಾರು 120 ಕಿಲೋಮೀಟರ್ ದೂರದಲ್ಲಿ. ಮೂರು ನಾಲ್ಕು ದಿನ ನಡೆದು, ಬಲಿಯ ಪ್ರಾಣಿಯನ್ನು ಹಿಡಿದುಕೊಂಡು, ಇನ್ನೇನು ಯಾಜಕನ ಕೈಗೆ ಒಪ್ಪಿಸಬೇಕು ಎನ್ನುವಾಗ ಊರಲ್ಲಿರುವ ತಮ್ಮನ ಮುಖ ನೆನಪಾದರೆ, ಅಷ್ಟೂ ದಾರಿಯನ್ನು ತಿರುಗಿ ನಡೆಯಬೇಕು. ರಾಜಿಯಾದ ಮೇಲೆ ಮತ್ತೆ ಬರಬೇಕು. ಕೇಳುತ್ತಾ ಕುಳಿತಿದ್ದವರಿಗೆ ಆ ದಾರಿಯ ಬಿಸಿಲೂ ಏರುಗಳೂ ಕಾಲಿಗೆ ಗೊತ್ತಿದ್ದವು. ‘ಮನಸ್ಸಿನಲ್ಲಿಯೇ ಸರಿಮಾಡಿಕೊಂಡು ಅರ್ಪಿಸು’ ಎಂದು ಅವನು ಹೇಳಬಹುದಿತ್ತು, ಹೇಳಲಿಲ್ಲ.

ಪಾಠಕ್ಕೆಂದು ಇದನ್ನು ಬರೆದುಕೊಳ್ಳುತ್ತಿದ್ದ ರಾತ್ರಿ ನನಗೆ ಅಣ್ಣನ ನೋಟುಬುಕ್ಕು ನೆನಪಾಯಿತು.

ಅಪ್ಪ ಹಾಸಿಗೆ ಹಿಡಿದ ಹನ್ನೊಂದು ತಿಂಗಳು ಅವರ ಬಳಿ ಇದ್ದವನು ಅಣ್ಣ. ನಾನು ಹಣ ಕಳುಹಿಸುತ್ತಿದ್ದೆ. ಭಾನುವಾರ ಆರಾಧನೆ ಮುಗಿದ ಮೇಲೆ ಫೋನಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವರ ದಿಂಬಿನ ಪಕ್ಕದಲ್ಲಿ ಆ ಪುಸ್ತಕ ಸಿಕ್ಕಿತು. ಮಾತ್ರೆ ಕೊಟ್ಟ ಹೊತ್ತು, ಮಗ್ಗುಲು ಬದಲಿಸಿದ ಹೊತ್ತು. ರಾತ್ರಿ 1.40, ರಾತ್ರಿ 3.15, ಬೆಳಗಿನ ಜಾವ 5. ಕೆಲವು ಕಡೆ ನಿದ್ದೆಗಣ್ಣಿನಲ್ಲಿ ಬರೆದ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು. ಒಂದು ಪುಟದಲ್ಲಿ ಬೇರೇನೂ ಇಲ್ಲದೆ ‘ಇವತ್ತು ನನ್ನ ಹೆಸರು ಹೇಳಿದರು’ ಎಂದಷ್ಟೇ ಇತ್ತು.

ಅಪ್ಪನ ಸ್ಮರಣೆಯ ಆರಾಧನೆಯಲ್ಲಿ ಸಾಕ್ಷಿ ಹೇಳಲು, ಎಂದರೆ ದೇವರು ಮಾಡಿದ ಉಪಕಾರವನ್ನು ಸಭೆಯ ಎದುರು ಹೇಳಲು, ನಿಂತವನು ನಾನು. ‘ಅಪ್ಪನ ಸೇವೆ ಮಾಡುವ ಭಾಗ್ಯವನ್ನು ದೇವರು ನಮಗೆ ಕೊಟ್ಟ’ ಎಂದೆ. ‘ನಮಗೆ’ ಎಂದೆ, ಗೆಳೆಯಾ. ಆ ನೋಟುಬುಕ್ಕನ್ನು ಓದಿದ ಮೇಲೂ ಹಾಗೆಂದೆ. ಜನ ನನ್ನ ಕೈಹಿಡಿದು ಕಣ್ಣೊರೆಸಿಕೊಂಡರು. ಅಣ್ಣ ಹಿಂದುಗಡೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಜೋಡಿಸತೊಡಗಿದ. ಇದು ನಡೆದು ನಾಲ್ಕು ವರ್ಷವಾಯಿತು. ಅಂದಿನಿಂದ ಅವನು ನನ್ನೊಂದಿಗೆ ಮಾತನಾಡುತ್ತಾನೆ, ಆದರೆ ಅಪ್ಪನ ಮಾತೆತ್ತುವುದಿಲ್ಲ. ಈ ನಾಲ್ಕು ವರ್ಷದಲ್ಲಿ ಒಂದು ಭಾನುವಾರವೂ ನಾನು ಕಾಣಿಕೆ ಹಾಕುವುದನ್ನು ತಪ್ಪಿಸಿಲ್ಲ.

ಇಷ್ಟನ್ನು ಬರೆಯಬೇಕೆಂದು ನಾನು ಕುಳಿತಿರಲಿಲ್ಲ. ನಾಲ್ಕು ಜನ ಓದುವ ಕಡೆ ಯಾಕೆ ಬರೆದೆ ಎಂದು ನೀನು ಕೇಳುವೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನೂ ನೆನಪಿಸುವೆ. ಅದು ದಾನಧರ್ಮಕ್ಕೆ ಹೇಳಿದ ಮಾತು. ನಾನು ಅಣ್ಣನ ಪಾಲನ್ನು ತೆಗೆದುಕೊಂಡದ್ದು ಸಭೆಯ ಎದುರಿಗೆ. ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಎದ್ದುನಿಂತು ಹೇಳಿದ್ದೂ ಗುಟ್ಟಿನಲ್ಲಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಅಪ್ಪನ ಸೇವೆ ಮಾಡಿದವನು ನನ್ನ ಅಣ್ಣ. ಆದರೆ ಬರೆದರೆ ಹೋದಂತಾಗುವುದಿಲ್ಲ, ಅದೂ ಗೊತ್ತಿದೆ. ಮೊನ್ನೆ ಫೋನ್ ಮಾಡಿದಾಗ ‘ಎಲ್ಲರೂ ಚೆನ್ನಾಗಿದ್ದೀರಾ?’ ಎಂದ. ‘ಚೆನ್ನಾಗಿದ್ದೇವೆ’ ಎಂದೆ. ಹೇಳಬೇಕಾದದ್ದು ಗಂಟಲಲ್ಲಿಯೇ ಉಳಿಯಿತು. ಶನಿವಾರ ಅಣ್ಣನ ಬಳಿಗೆ ಹೊರಡುತ್ತೇನೆ, ಭಾನುವಾರದ ಆರಾಧನೆಗೆ ನಾನಿರುವುದಿಲ್ಲವೆಂದು ಪಾಸ್ಟರಿಗೆ ತಿಳಿಸಿದ್ದೇನೆ.

ಸಾಕು, ಪತ್ರ ಭಾರವಾಯಿತು. ನಿನ್ನ ಛತ್ರಿ ನನ್ನ ಬಳಿ ಕ್ಷೇಮವಾಗಿದೆ. ದಾರಿಯಲ್ಲಿ ನಿನ್ನ ಮನೆಗೂ ಬರುತ್ತೇನೆ. ಕೀರ್ತನೆಯನ್ನು ಮಾತ್ರ ನನ್ನಿಂದ ಹಾಡಿಸಬೇಡ, ನಾನು ಹಿಂದೆ ಹಾಡಿದ್ದನ್ನು ನಿನ್ನ ಅಮ್ಮ ಇನ್ನೂ ಮರೆತಿರಲಾರರು.

ನಿನ್ನವನು